ಹೊಟ್ಟೆಯ ಆಪರೇಷನ್ ಮಾಡಿಸಿಯೂ ಸಮಾಧಾನವಿಲ್ಲವೇ? ಎರಡನೇ ಆಪರೇಷನ್‌ಗೆ ಮೊದಲು ಓದಿ

ಕಳೆದ ಮಳೆಗಾಲದಲ್ಲಿ ಒಬ್ಬ ಸಹೋದರಿ ನನ್ನ ಕ್ಲಿನಿಕ್‌ಗೆ ಬಂದರು. ವಯಸ್ಸು ಮೂವತ್ತೊಂಬತ್ತು. ಮೂರು ಮಕ್ಕಳು, ಮೂರೂ ಸಿಸೇರಿಯನ್. ಜೊತೆಗೆ ನಾದಿನಿ ಇದ್ದರು. ನಾದಿನಿ ಹೊರಗೆ ಹೋಗಿ ಕುಳಿತ ಮೇಲಷ್ಟೇ ಇವರು ಬಾಯಿ ತೆರೆದರು.

"ಡಾಕ್ಟ್ರೇ, ಹೊಟ್ಟೆ ಕರಗಲು ಒಳ್ಳೆಯ ಒಂದು ಮಜೂನ್ ಕೊಡಿ. ಎಣ್ಣೆ ಇದ್ದರೂ ಆಗಬಹುದು."

ವಿಚಾರಿಸಿದಾಗ ಒಂದೊಂದೇ ವಿಷಯ ಹೊರಗೆ ಬಂತು. ಗಂಡ ಕೊಲ್ಲಿಯಲ್ಲಿದ್ದಾರೆ. ಅಲ್ಲಿಗೆ ಹೋಗಿದ್ದಾಗ ಜೋತುಬಿದ್ದ ಹೊಟ್ಟೆಯ ಚರ್ಮವನ್ನು ಕತ್ತರಿಸಿ ಬಿಗಿ ಮಾಡುವ ಆಪರೇಷನ್ ಮಾಡಿಸಿಕೊಂಡಿದ್ದರು. ಅದಾಗಿ ಹದಿನಾಲ್ಕು ತಿಂಗಳು. ಹೊಲಿಗೆಯ ಎರಡು ತುದಿಗಳಲ್ಲಿ ಚರ್ಮ ಮುದ್ದೆಯಾಗಿ ನಿಂತಿದೆ. ಹೊಕ್ಕುಳದ ಮೇಲ್ಗಡೆ ಮತ್ತೆ ಉಬ್ಬು ಬಂದಿದೆ. ಊರಿನ ಪಕ್ಕದ ಪಟ್ಟಣದ ಒಂದು ಸೌಂದರ್ಯ ಕ್ಲಿನಿಕ್‌ನಲ್ಲಿ ತೋರಿಸಿದಾಗ "ಉಳಿದ ಕೊಬ್ಬು, ಒಂದೇ ಸಲ ಹೀರಿ ತೆಗೆದರೆ ಮುಗಿಯಿತು" ಎಂದಿದ್ದರಂತೆ. ಮುಂಗಡ ಕೊಟ್ಟಾಗಿತ್ತು. ಬಾಕಿ ಹಣಕ್ಕೆ ಬಳೆ ಅಡವಿಡುವ ಯೋಚನೆ. ಅಷ್ಟು ಖರ್ಚು ಮಾಡುವ ಬದಲು ಮದ್ದಿನಲ್ಲೇ ವಾಸಿಯಾದರೆ ಒಳ್ಳೆಯದಲ್ಲವೇ ಎಂದು ಕೊನೆಯ ಗಳಿಗೆಯಲ್ಲಿ ನನ್ನ ಬಳಿಗೆ ಬಂದಿದ್ದರು.

ನಾನು ಅವರನ್ನು ಮಲಗಿಸಿ, ಕೈ ಊರದೆ ತಲೆ ಎತ್ತಲು ಹೇಳಿದೆ. ಹೊಕ್ಕುಳದ ಮೇಲೆ ನಿಂಬೆಹಣ್ಣಿನಷ್ಟು ಗಾತ್ರದ ಉಬ್ಬು ಎದ್ದು ನಿಂತಿತು. ಕೆಮ್ಮಲು ಹೇಳಿದೆ. ಬೆರಳಿಗೆ ತಟ್ಟಿತು. ಮೆಲ್ಲಗೆ ಒತ್ತಿದರೆ ಒಳಗೆ ಹೋಯಿತು. ಕೊಬ್ಬು ಹೀಗೆ ಒಳಗೆ ಹೋಗಿ ಹೊರಗೆ ಬರುವುದಿಲ್ಲ. ಅಂದೇ ಅಲ್ಟ್ರಾಸೌಂಡ್ ಸ್ಕ್ಯಾನಿಂಗ್‌ಗೆ ಬರೆದುಕೊಟ್ಟೆ. ವರದಿಯಲ್ಲಿ ಇದ್ದದ್ದು ಹರ್ನಿಯಾ. ಹೊಟ್ಟೆಯ ಗೋಡೆಯಲ್ಲಿ ಒಂದು ಕಿಂಡಿ, ಆ ಕಿಂಡಿಯಿಂದ ಚರ್ಮದ ಕೆಳಗೆ ಇಣುಕುತ್ತಿದ್ದ ಕರುಳು. ಕೊಬ್ಬು ಹೀರುವ ಕೊಳವೆಯನ್ನು ಆ ಜಾಗದಲ್ಲಿ ಆಡಿಸಿದ್ದರೆ ಕರುಳು ತೂತಾಗುವ ಅಪಾಯವಿತ್ತು.

ಈ ಘಟನೆಯ ನಂತರ ಈ ವಿಷಯದ ಬಗ್ಗೆ ಬರೆಯಲೇಬೇಕು ಅನಿಸಿತು. ನಾನು ಶಸ್ತ್ರಚಿಕಿತ್ಸಕಿ ಅಲ್ಲ, ಯುನಾನಿ ವೈದ್ಯೆ. ಈ ಆಪರೇಷನ್‌ಗಳನ್ನು ನಾನು ಮಾಡುವುದಿಲ್ಲ, ಮಾಡಲೂಬಾರದು. ಆದರೆ ಮಾಡಿಸಿಕೊಂಡು ಬೇಸರಪಟ್ಟವರು, ಮನೆಯವರಿಗೆ ಹೇಳಲಾಗದವರು, ಆಪರೇಷನ್ ಮಾಡಿದ ಡಾಕ್ಟರ್ ಬಳಿಗೆ ಮತ್ತೆ ಹೋಗಲು ಸಂಕೋಚಪಡುವವರು ಮೊದಲು ಬರುವುದು ನಮ್ಮಂಥವರ ಬಳಿಗೆ. ಅವರಿಗೆ ನಾನು ಹೇಳುವುದು ಒಂದೇ ಮಾತು. ಏನು ಕೆಟ್ಟಿದೆ ಎಂದು ಗೊತ್ತಾಗುವ ಮೊದಲು ಸರಿಪಡಿಸಲು ಹೊರಡಬೇಡಿ.

ಮೊದಲ ಆಪರೇಷನ್‌ನಲ್ಲಿ ಏನು ಮಾಡಿರುತ್ತಾರೆ?

ಜನ ಇದನ್ನು ಟಮ್ಮಿ ಟಕ್ ಎನ್ನುತ್ತಾರೆ. ಹೆರಿಗೆಗಳಿಂದಲೋ ತುಂಬಾ ತೂಕ ಇಳಿಸಿದ್ದರಿಂದಲೋ ಸಡಿಲವಾದ ಹೊಟ್ಟೆಗೆ ಮಾಡುವ ಆಪರೇಷನ್ ಇದು. ಕೆಳಹೊಟ್ಟೆಯಲ್ಲಿ ಒಂದು ಸೊಂಟದಿಂದ ಇನ್ನೊಂದು ಸೊಂಟದವರೆಗೆ ಗಾಯ ಮಾಡಿ, ಹೆಚ್ಚಾದ ಚರ್ಮವನ್ನೂ ಅದರ ಕೆಳಗಿನ ಕೊಬ್ಬನ್ನೂ ತೆಗೆಯುತ್ತಾರೆ. ಮೇಲಿನ ಚರ್ಮವನ್ನು ಕೆಳಗೆ ಎಳೆದು ಹೊಲಿಯುತ್ತಾರೆ. ಹೊಕ್ಕುಳಕ್ಕೆ ಹೊಸ ರಂಧ್ರ ಮಾಡಿ ಕೂರಿಸುತ್ತಾರೆ. ಗರ್ಭ ಬೆಳೆಯುವಾಗ ಹೊಟ್ಟೆಯ ನಡುವಿನ ಎರಡು ನೀಳ ಸ್ನಾಯುಗಳು ದೂರ ಸರಿದಿದ್ದರೆ ಅವನ್ನು ಹತ್ತಿರಕ್ಕೆ ತಂದು ಒಳಗೆ ಹೊಲಿಗೆ ಹಾಕುತ್ತಾರೆ. ಲೈಪೋಸಕ್ಷನ್ ಎಂದರೆ ಬೇರೆ. ಅದರಲ್ಲಿ ಸಣ್ಣ ರಂಧ್ರದಿಂದ ಕೊಳವೆ ಹಾಕಿ ಕೊಬ್ಬನ್ನು ಮಾತ್ರ ಹೀರುತ್ತಾರೆ. ಕೆಲವೊಮ್ಮೆ ಎರಡನ್ನೂ ಒಟ್ಟಿಗೆ ಮಾಡುವುದುಂಟು.

ಇದು ತೂಕ ಇಳಿಸುವ ಚಿಕಿತ್ಸೆಯಲ್ಲ. ಕಲೆ ಉಳಿಯುವುದು ಖಚಿತ. ಹೊಕ್ಕುಳದ ಮೇಲಿನ ಹೆರಿಗೆ ಗೆರೆಗಳು ಪೂರ್ತಿ ಹೋಗುವುದಿಲ್ಲ. ಇಷ್ಟನ್ನು ಮೊದಲೇ ಯಾರಾದರೂ ಕೂರಿಸಿ ಹೇಳಿದ್ದರೆ ಅರ್ಧದಷ್ಟು ಬೇಸರ ಹುಟ್ಟುತ್ತಲೇ ಇರಲಿಲ್ಲ ಎಂದು ನನಗೆ ಎಷ್ಟೋ ಸಲ ಅನಿಸಿದೆ.

ಯಾವುದಕ್ಕೆ ಕಾಯಬೇಕು, ಯಾವುದಕ್ಕೆ ಕಾಯಬಾರದು?

ಆಪರೇಷನ್ ಆದ ಎರಡನೇ ತಿಂಗಳಲ್ಲಿ ಕನ್ನಡಿ ನೋಡಿ ತೀರ್ಮಾನಕ್ಕೆ ಬರಬಾರದು. ಬಾವು ಹೆಚ್ಚಿನಂಶ ಮೊದಲ ಮೂರು ತಿಂಗಳಲ್ಲಿ ಇಳಿಯುತ್ತದೆ. ಉಳಿದದ್ದು ಪೂರ್ತಿ ಇಳಿಯಲು ಆರು ತಿಂಗಳು, ಕೆಲವರಿಗೆ ಒಂದು ವರ್ಷವೂ ಬೇಕು. ಬೆಳಿಗ್ಗೆ ಸಪಾಟಾಗಿದ್ದ ಹೊಟ್ಟೆ ಮನೆಗೆಲಸ ಮುಗಿಸಿದ ಸಂಜೆಗೆ ಬಿಗಿದುಕೊಳ್ಳುವುದು ಈ ದಿನಗಳಲ್ಲಿ ಸಾಮಾನ್ಯ.

ಹೊಲಿಗೆಯ ಕಲೆ ಮೊದಲ ಕೆಲವು ತಿಂಗಳು ಕೆಂಪಾಗಿ, ಗಟ್ಟಿಯಾಗಿ, ತುರಿಕೆಯಿಂದ ಕೂಡಿರುತ್ತದೆ. ಆಮೇಲೆ ನಿಧಾನವಾಗಿ ಮೆತ್ತಗಾಗಿ ಮಸುಕಾಗುತ್ತದೆ. ಅದಕ್ಕೆ ಹನ್ನೆರಡರಿಂದ ಹದಿನೆಂಟು ತಿಂಗಳು ಹಿಡಿಯಬಹುದು. ಹೊಕ್ಕುಳದಿಂದ ಹೊಲಿಗೆಯವರೆಗೆ ಚರ್ಮ ಮರಗಟ್ಟಿದಂತೆ ಇರುವುದೂ ಇದೆ. ತಿಂಗಳುಗಳು ಕಳೆದಂತೆ ಸ್ಪರ್ಶ ಮರಳುತ್ತದೆ. ಸಣ್ಣ ಒಂದು ಭಾಗದಲ್ಲಿ ಶಾಶ್ವತವಾಗಿ ಹಾಗೇ ಉಳಿಯಲೂಬಹುದು. ಈ ಕಾರಣಗಳಿಂದಾಗಿ ಒಳ್ಳೆಯ ಸರ್ಜನ್‌ಗಳು ಆರು ತಿಂಗಳಿಗೆ ಮೊದಲು ತಿದ್ದುವ ಮಾತೆತ್ತುವುದಿಲ್ಲ. ಹೆಚ್ಚಿನವರು ಒಂದು ವರ್ಷ ಕಾಯಲು ಹೇಳುತ್ತಾರೆ.

ಆದರೆ ಕೆಲವು ಲಕ್ಷಣಗಳಿಗೆ ಒಂದು ದಿನವೂ ಕಾಯಬಾರದು.

ಆಪರೇಷನ್ ಆದ ಮೊದಲ ವಾರಗಳಲ್ಲಿ ಒಂದು ಕಾಲಿನ ಮೀನಖಂಡದಲ್ಲಿ ನೋವು ಅಥವಾ ಬಾವು ಬಂದರೆ, ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಎದೆ ನೋವಾದರೆ ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗಿರಬಹುದು. ಕೂಡಲೇ 108ಕ್ಕೆ ಕರೆ ಮಾಡಿ. ಜ್ವರ, ಕೀವು, ದುರ್ವಾಸನೆ, ಗಾಯ ಬಿಚ್ಚಿಕೊಳ್ಳುವುದು, ಹೊಲಿಗೆಯ ಸುತ್ತ ಅಥವಾ ಹೊಕ್ಕುಳದ ಚರ್ಮ ಕಪ್ಪಾಗುವುದು ಕಂಡರೆ ಅಂದೇ ಆಸ್ಪತ್ರೆಗೆ ಹೋಗಿ. ಹೊಟ್ಟೆಯ ಉಬ್ಬು ಒತ್ತಿದರೂ ಒಳಗೆ ಹೋಗದೆ ಗಟ್ಟಿಯಾಗಿ ನೋಯುತ್ತಿದ್ದು, ಜೊತೆಗೆ ವಾಂತಿ ಇದ್ದರೆ ಹರ್ನಿಯಾದಲ್ಲಿ ಕರುಳು ಸಿಕ್ಕಿಕೊಂಡಿರಬಹುದು. ಅದು ಎಷ್ಟು ತಿಂಗಳ ನಂತರ ಬಂದರೂ ತುರ್ತು ಸ್ಥಿತಿಯೇ.

ಯಾವ ದೋಷಕ್ಕೆ ಯಾವ ದಾರಿ?

ಹೊಲಿಗೆಯ ತುದಿಯ ಮುದ್ದೆ: ಎರಡೂ ಸೊಂಟಗಳ ಬಳಿ ಚರ್ಮ ಮಡಚಿ ಮೂತಿಯಂತೆ ನಿಲ್ಲುತ್ತದೆ. ಡಾಕ್ಟರ್‌ಗಳು ಇದನ್ನು ಡಾಗ್ ಇಯರ್ ಎನ್ನುತ್ತಾರೆ. ಸಣ್ಣದಾಗಿದ್ದರೆ ಕೆಲವು ತಿಂಗಳಲ್ಲಿ ತಾನೇ ಕೂತುಕೊಳ್ಳುತ್ತದೆ. ಉಳಿದರೆ ಆ ಜಾಗಕ್ಕೆ ಮಾತ್ರ ಮರಗಟ್ಟುವ ಇಂಜೆಕ್ಷನ್ ಕೊಟ್ಟು ತೆಗೆಯಬಹುದು. ಸಾಮಾನ್ಯವಾಗಿ ಅದೇ ದಿನ ಮನೆಗೆ ಬರಬಹುದು. ಆದರೆ ಕಲೆ ಸ್ವಲ್ಪ ಉದ್ದವಾಗುತ್ತದೆ ಎಂಬುದು ನೆನಪಿರಲಿ. ತಿದ್ದುವ ಆಪರೇಷನ್‌ಗಳಲ್ಲಿ ಇದು ಎಲ್ಲಕ್ಕಿಂತ ಸರಳವಾದವುಗಳಲ್ಲಿ ಒಂದು.

ಅಗಲವಾದ ಅಥವಾ ಉಬ್ಬಿದ ಕಲೆ: ಗಾಯ ಮಾಗಿದ ಮೇಲೆ ಸಿಲಿಕೋನ್ ಜೆಲ್ ಅಥವಾ ಸಿಲಿಕೋನ್ ಪಟ್ಟಿಯನ್ನು ದಿನದ ಹೆಚ್ಚಿನ ಹೊತ್ತು, ಎರಡು ಮೂರು ತಿಂಗಳಾದರೂ ಬಳಸಬೇಕು. ಉಬ್ಬು ಜೋರಾಗಿದ್ದರೆ ಕಲೆಯೊಳಗೆ ಸ್ಟಿರಾಯ್ಡ್ ಇಂಜೆಕ್ಷನ್ ಕೊಡುತ್ತಾರೆ. ಸೆಳೆತಕ್ಕೆ ಅಗಲವಾದ ಕಲೆಯನ್ನು ಒಂದು ವರ್ಷದ ನಂತರ ಕತ್ತರಿಸಿ ಮತ್ತೆ ಹೊಲಿಯಬಹುದು. ಆದರೆ ಗಾಯದ ಗಡಿ ದಾಟಿ ಬೆಳೆಯುವ ಕೀಲಾಯ್ಡ್ ಇರುವವರು ಎಚ್ಚರದಿಂದಿರಬೇಕು. ಕಿವಿ ಚುಚ್ಚಿಸಿದಾಗ, ಸಿಸೇರಿಯನ್ ಆದಾಗ ಗಂಟು ಕಟ್ಟಿದ್ದರೆ ಅದನ್ನು ಸರ್ಜನ್‌ಗೆ ಹೇಳಲೇಬೇಕು. ಕೀಲಾಯ್ಡ್ ಅನ್ನು ಬರೀ ಕತ್ತರಿಸಿದರೆ ಇನ್ನೂ ದೊಡ್ಡದಾಗಿ ಮರಳುವುದು ಸಾಮಾನ್ಯ.

ನೀರು ತುಂಬಿಕೊಳ್ಳುವುದು: ಚರ್ಮದ ಕೆಳಗೆ ತಿಳಿ ದ್ರವ ಶೇಖರವಾಗುತ್ತದೆ. ಹೊಟ್ಟೆ ಆಡಿಸಿದರೆ ಕುಲುಕಿದಂತೆ ಆಗುತ್ತದೆ. ಸೀರೋಮ ಎಂದು ಇದರ ಹೆಸರು. ಹೊಸದಾಗಿದ್ದಾಗ ಸೂಜಿಯಿಂದ ತೆಗೆಯುತ್ತಾರೆ, ಹಲವು ಸಲ ತೆಗೆಯಬೇಕಾಗಬಹುದು. ನಿರ್ಲಕ್ಷಿಸಿದರೆ ಸುತ್ತ ಚೀಲ ಕಟ್ಟಿಕೊಳ್ಳುತ್ತದೆ. ಆಮೇಲೆ ಆ ಚೀಲವನ್ನೇ ಆಪರೇಷನ್ ಮಾಡಿ ತೆಗೆಯಬೇಕಾಗುತ್ತದೆ.

ಒಳಗಿನ ಗಂಟು: ರಕ್ತ ಸರಿಯಾಗಿ ಸಿಗದೆ ಸತ್ತ ಕೊಬ್ಬು ಗಟ್ಟಿಯಾಗಿ ಗಂಟಿನಂತೆ ಸಿಗುತ್ತದೆ. ಎಷ್ಟೋ ಗಂಟುಗಳು ತಿಂಗಳುಗಳಲ್ಲಿ ಮೆತ್ತಗಾಗುತ್ತವೆ. ಉಳಿದದ್ದನ್ನು ತೆಗೆಯಬಹುದು. ಬೆಳೆಯುತ್ತಿರುವ ಗಂಟನ್ನು ಮಾತ್ರ ಊಹೆಯ ಮೇಲೆ ಬಿಡದೆ ಸ್ಕ್ಯಾನಿಂಗ್ ಮಾಡಿಸಬೇಕು.

ತಗ್ಗು ದಿಣ್ಣೆ: ಕೊಬ್ಬು ಹೀರುವಾಗ ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ ಆದರೆ ಹೊಟ್ಟೆ ಅಲೆಅಲೆಯಾಗಿ ಕಾಣುತ್ತದೆ. ದಿಣ್ಣೆಯಿರುವಲ್ಲಿ ಸ್ವಲ್ಪ ಹೀರಬಹುದು. ತಗ್ಗಿಗೆ ತೊಡೆಯಿಂದಲೋ ಸೊಂಟದಿಂದಲೋ ತೆಗೆದ ನಮ್ಮದೇ ಕೊಬ್ಬನ್ನು ತುಂಬಬಹುದು. ತುಂಬಿದ್ದರಲ್ಲಿ ಒಂದಂಶ ದೇಹದಲ್ಲಿ ಕರಗಿಹೋಗುವುದರಿಂದ ಇನ್ನೊಮ್ಮೆ ತುಂಬಬೇಕಾಗಬಹುದು. ಅತಿಯಾಗಿ ಹೀರಿದ ಹೊಟ್ಟೆಯನ್ನು ತಿದ್ದುವುದು, ಕಡಿಮೆ ಹೀರಿದ್ದನ್ನು ತಿದ್ದುವುದಕ್ಕಿಂತ ಬಹಳ ಕಷ್ಟ.

ಹೊಕ್ಕುಳ: ಕಿರಿದಾಗಿ ಮುಚ್ಚಿಕೊಂಡ ಹೊಕ್ಕುಳವನ್ನು ಸಣ್ಣ ಆಪರೇಷನ್‌ನಿಂದ ಅಗಲಿಸಬಹುದು. ಆದರೆ ಪಕ್ಕಕ್ಕೆ ಸರಿದ ಹೊಕ್ಕುಳವನ್ನು ನಡುವಿಗೆ ತಂದರೆ ಹಳೆಯ ಜಾಗದಲ್ಲಿ ಕಲೆ ಉಳಿಯುತ್ತದೆ. ಸ್ವಲ್ಪವೇ ಓರೆಯಾಗಿದ್ದರೆ ಬಿಟ್ಟುಬಿಡುವುದೇ ಲೇಸು.

ಉಳಿದ ಸಡಿಲ ಚರ್ಮ, ಮೇಲೆ ನಿಂತ ಕಲೆ: ಇನ್ನೂ ಸಡಿಲ ಚರ್ಮ ಇದ್ದರೆ ಹಳೆಯ ಕಲೆಯ ಜಾಗದಲ್ಲೇ ಕತ್ತರಿಸಿ ತೆಗೆಯಬಹುದು, ಕಲೆಯನ್ನೂ ಕೆಳಗೆ ತರಬಹುದು. ಚರ್ಮ ಈಗಾಗಲೇ ಬಿಗಿಯಾಗಿದ್ದರೆ ಸಾಧ್ಯವಿಲ್ಲ. ಇಲ್ಲದ ಚರ್ಮವನ್ನು ಎಳೆದರೆ ಗಾಯ ಬಿಚ್ಚಿಕೊಳ್ಳುತ್ತದೆ.

ಮತ್ತೆ ಬಂದ ಉಬ್ಬು: ಒಳಗಿನ ಸ್ನಾಯುವಿನ ಹೊಲಿಗೆ ಸಡಿಲಾಗಿದ್ದರೆ ಮತ್ತೆ ಹೊಲಿಯಬಹುದು. ಹರ್ನಿಯಾ ಆಗಿದ್ದರೆ ಕಿಂಡಿ ಮುಚ್ಚಿ, ಅಗತ್ಯವಿದ್ದರೆ ಜಾಲರಿಯಂಥ ಮೆಶ್ ಇಡುತ್ತಾರೆ. ಇವೆರಡೂ ದೊಡ್ಡ ಆಪರೇಷನ್‌ಗಳೇ. ಹೊಟ್ಟೆಯ ನಡುವೆ ಹೊಸದಾಗಿ ಉಬ್ಬು ಕಂಡವರು ಸ್ಕ್ಯಾನಿಂಗ್ ಮಾಡಿಸದೆ ಯಾರಿಂದಲೂ ಕೊಬ್ಬು ಹೀರಿಸಿಕೊಳ್ಳಬಾರದು. ಈ ಲೇಖನದಿಂದ ಇದೊಂದು ಮಾತು ನೆನಪಿನಲ್ಲಿ ಉಳಿದರೂ ಸಾಕು.

ಕತ್ತರಿಯಿಂದ ಸರಿಯಾಗದ ಹೊಟ್ಟೆ

ಕೊಬ್ಬು ಎರಡು ಕಡೆ ಇರುತ್ತದೆ. ಚರ್ಮದ ಕೆಳಗಿನದ್ದು ಕೈಯಲ್ಲಿ ಹಿಡಿಯಲು ಸಿಗುತ್ತದೆ. ಇನ್ನೊಂದು ಹೊಟ್ಟೆಯ ಗೋಡೆಯ ಒಳಗೆ, ಕರುಳಿನ ಸುತ್ತ ಇರುತ್ತದೆ. ಹೊಟ್ಟೆ ಗುಂಡಗೆ, ಗಟ್ಟಿಯಾಗಿ ಮುಂದೆ ಬಂದಿದ್ದು, ಚಿವುಟಿದರೆ ಸ್ವಲ್ಪವೇ ಸಿಗುತ್ತದೆ ಎಂದಾದರೆ ಅದು ಹೆಚ್ಚಾಗಿ ಒಳಗಿನ ಕೊಬ್ಬು. ಅಲ್ಲಿಗೆ ಯಾವ ಕೊಳವೆಯೂ ಹೋಗುವುದಿಲ್ಲ, ಹೋಗಲೂಬಾರದು. ಮೇಲಿನ ಚರ್ಮ ಎಷ್ಟು ಬಿಗಿ ಮಾಡಿದರೂ ಒಳಗಿನ ಒತ್ತಡ ಅದನ್ನು ಮುಂದೆ ತಳ್ಳುತ್ತದೆ. ಇಂಥವರಿಗೆ ಎರಡನೇ ಆಪರೇಷನ್ ಮಾಡಿಸಿದರೂ ಮೊದಲಿನದೇ ಬೇಸರ ಮರುಕಳಿಸುತ್ತದೆ.

ಇಲ್ಲಿ ಊಟ ಮತ್ತು ನಡಿಗೆಯೇ ಮದ್ದು. ಸಕ್ಕರೆ ಕಾಯಿಲೆ, ರಕ್ತದೊತ್ತಡಗಳಿಗೂ ಈ ಒಳಗಿನ ಕೊಬ್ಬಿಗೂ ನಂಟಿದೆ. ಹಾಗಾಗಿ ಅದನ್ನು ಇಳಿಸುವುದು ಅಂದಕ್ಕಿಂತ ಹೆಚ್ಚಾಗಿ ಆಯುಸ್ಸಿನ ಪ್ರಶ್ನೆ. ಮಲಬದ್ಧತೆ, ಗ್ಯಾಸ್, ಕೂಗಿ ಹೇಳುವಷ್ಟು ಉಬ್ಬರ ಇರುವವರಿಗೂ ಮೊದಲು ಅದರ ಕಾರಣ ಹುಡುಕಬೇಕು. ವಾರಗಟ್ಟಲೆ ಹೊಟ್ಟೆ ಉಬ್ಬರವೇ ಇಳಿಯದಿದ್ದರೆ ಅಂಡಾಶಯದ ಸ್ಕ್ಯಾನಿಂಗ್ ಕೂಡ ಅಗತ್ಯ. ಅದನ್ನೂ ಕೊಬ್ಬೆಂದು ತಿಳಿದು ಸುಮ್ಮನಿರಬೇಡಿ.

ಯುನಾನಿಯಲ್ಲಿ ಇದಕ್ಕೆ ಮದ್ದಿದೆಯೇ?

ನೇರವಾಗಿ ಹೇಳುತ್ತೇನೆ. ಸಡಿಲ ಚರ್ಮವನ್ನು ಬಿಗಿ ಮಾಡುವ, ಹೊಲಿಗೆಯ ಮುದ್ದೆ ಕರಗಿಸುವ, ಹರ್ನಿಯಾ ಮುಚ್ಚುವ ಮಜೂನ್ ನಮ್ಮಲ್ಲಿ ಇಲ್ಲ. ಇದೆ ಎಂದು ಮಾರುವವರನ್ನು ನಂಬಬೇಡಿ.

ನಮ್ಮ ಪದ್ಧತಿಯಲ್ಲಿ ಗಾಳಿ, ಅನ್ನ ಪಾನೀಯ, ದೇಹದ ಚಲನೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ನಿದ್ದೆ ಮತ್ತು ಎಚ್ಚರ, ದೇಹ ಉಳಿಸಿಕೊಳ್ಳುವುದು ಮತ್ತು ಹೊರಹಾಕುವುದು ಎಂಬ ಆರು ಸಂಗತಿಗಳನ್ನು ಆರೋಗ್ಯದ ಅಡಿಪಾಯವೆಂದು ಕಲಿಸುತ್ತಾರೆ. ನನ್ನಿಂದ ಆಗುವ ಸಹಾಯ ಇಲ್ಲಿಯೇ. ತೂಕ ಹತೋಟಿಗೆ ತರುವುದು, ಮಲಬದ್ಧತೆ ನಿವಾರಿಸುವುದು, ರಕ್ತಹೀನತೆ ಪತ್ತೆಹಚ್ಚುವುದು, ನಿದ್ದೆ ಸರಿಪಡಿಸುವುದು. ಆಪರೇಷನ್‌ಗೆ ಮೊದಲೂ ಆಮೇಲೂ ಇವು ಬೇಕು.

ಆದರೆ ಮೂರು ತಪ್ಪುಗಳನ್ನು ಮಾಡಬೇಡಿ. ಒಂದು, ಆಪರೇಷನ್ ಆದ ಹೊಟ್ಟೆಯ ಮೇಲೆ ಸರ್ಜನ್ ಒಪ್ಪಿಗೆಯಿಲ್ಲದೆ ಹಿಜಾಮ ಮಾಡಿಸಬೇಡಿ. ಸೋಂಕು ತಗಲಬಹುದು, ಹೊಸ ಕಲೆಗಳೂ ಬೀಳುತ್ತವೆ. ಎರಡು, ಮರಗಟ್ಟಿದ ಚರ್ಮದ ಮೇಲೆ ಬಿಸಿನೀರಿನ ಚೀಲ, ಬಿಸಿ ಎಣ್ಣೆ, ಬಾಣಂತಿಗೆ ಕೊಡುವಂಥ ಶಾಖ ಬೇಡ. ಬಿಸಿ ಗೊತ್ತಾಗದೆ ಚರ್ಮ ಸುಟ್ಟು ಬೊಬ್ಬೆ ಬಂದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಮೂರು, ಆಪರೇಷನ್‌ಗೆ ಮೊದಲು ನೀವು ತೆಗೆದುಕೊಳ್ಳುವ ಎಲ್ಲ ಮದ್ದುಗಳನ್ನೂ ಸರ್ಜನ್‌ಗೆ ಹೇಳಿ. ಮಜೂನ್, ಕಲೌಂಜಿ ಎಣ್ಣೆ, ಬೆಳ್ಳುಳ್ಳಿ ಮಾತ್ರೆ, ಮೀನೆಣ್ಣೆ ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ಕೆಲವು ರಕ್ತಸ್ರಾವ ಹೆಚ್ಚಿಸಬಲ್ಲವು. "ಅದು ನಾಟಿ ಮದ್ದು, ಹೇಳುವುದೇನಿದೆ" ಎಂದು ಮುಚ್ಚಿಡಬೇಡಿ.

ಸಾವಿರ ವರ್ಷಗಳ ಹಿಂದೆ ಸ್ಪೇನಿನ ಕುರ್ತುಬಾದಲ್ಲಿದ್ದ ಅಬುಲ್ ಕಾಸಿಂ ಅಲ್ ಝಹ್ರಾವಿ ಶಸ್ತ್ರಚಿಕಿತ್ಸೆಗೆ ಹೆಸರಾದ ವೈದ್ಯರು. ಅವರ 'ಅತ್ತಸ್ರೀಫ್' ಗ್ರಂಥದ ಮೂವತ್ತನೇ ಭಾಗ ಪೂರ್ತಿ ಶಸ್ತ್ರಚಿಕಿತ್ಸೆಯ ಕುರಿತು. ಅದರ ಆರಂಭದಲ್ಲೇ ಅವರು, ಅಂಗರಚನೆ ತಿಳಿಯದ ವೈದ್ಯನೊಬ್ಬ ಒಬ್ಬ ಹೆಂಗಸಿನ ಕುತ್ತಿಗೆಯ ಗಡ್ಡೆ ಕತ್ತರಿಸಲು ಹೋಗಿ ರಕ್ತನಾಳ ಕಡಿದು ಆಕೆ ಸತ್ತ ಘಟನೆಯನ್ನು ವಿವರಿಸುತ್ತಾರೆ. ಅಪಾಯವಿರುವ ಆಪರೇಷನ್‌ಗೆ ಆಸೆಯಿಂದ ಕೈ ಹಾಕಬೇಡಿ ಎಂದು ಶಿಷ್ಯರನ್ನು ಎಚ್ಚರಿಸುತ್ತಾರೆ. ಕತ್ತರಿ ಹಿಡಿಯುವವನಿಗೆ ಕೊಟ್ಟ ಈ ಎಚ್ಚರಿಕೆ ಕತ್ತರಿಯ ಕೆಳಗೆ ಮಲಗುವವರಿಗೂ ಅನ್ವಯಿಸುತ್ತದೆ.

ಯಾರ ಬಳಿ ಹೋಗಬೇಕು, ಏನು ಕೇಳಬೇಕು?

ಸಾಧ್ಯವಾದರೆ ಮೊದಲು ಆಪರೇಷನ್ ಮಾಡಿದ ಸರ್ಜನ್ ಬಳಿಗೇ ಹೋಗಿ. ಒಳಗೆ ಏನು ಮಾಡಿದ್ದಾರೆಂದು ಅವರಿಗೆ ಗೊತ್ತು. ಕೆಲವರು ಸಣ್ಣ ತಿದ್ದುಪಡಿಗೆ ತಮ್ಮ ಶುಲ್ಕ ಪಡೆಯುವುದಿಲ್ಲ. ಜಗಳವಾಡುವ ಧ್ವನಿ ಬೇಡ. ಯಾವುದು ತೊಂದರೆ ಕೊಡುತ್ತಿದೆ ಎಂದು ಬೆರಳಿಟ್ಟು ತೋರಿಸಿ. ನಂಬಿಕೆ ಉಳಿದಿಲ್ಲವಾದರೆ, ಅಥವಾ ಅವರು ಪರದೇಶದಲ್ಲಿದ್ದರೆ ಇನ್ನೊಬ್ಬರ ಅಭಿಪ್ರಾಯ ಪಡೆಯಿರಿ.

ಆ ಇನ್ನೊಬ್ಬರು ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂಸಿಎಚ್ ಅಥವಾ ಅದಕ್ಕೆ ಸಮಾನವಾದ ಡಿಎನ್‌ಬಿ ಪದವಿ ಪಡೆದವರಾಗಿರಲಿ. ಕಾಸ್ಮೆಟಾಲಜಿ ಸರ್ಟಿಫಿಕೇಟ್ ಅದಕ್ಕೆ ಸಮವಲ್ಲ. ಕರ್ನಾಟಕದಲ್ಲಿ ವೈದ್ಯರ ನೋಂದಣಿ ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿರುತ್ತದೆ. ಖಾಸಗಿ ಆಸ್ಪತ್ರೆಗೆ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ಇರಬೇಕು. ಎರಡನ್ನೂ ವಿಚಾರಿಸುವುದು ಅವಮಾನವಲ್ಲ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ 21 ವರ್ಷದ ಕಿರುತೆರೆ ನಟಿಯೊಬ್ಬರು ಕೊಬ್ಬು ತೆಗೆಯುವ ಆಪರೇಷನ್ ನಂತರ ತೀರಿಕೊಂಡ ಸುದ್ದಿಯನ್ನು ಹಲವರು ಓದಿರಬಹುದು. ಚಿಕ್ಕ ವಯಸ್ಸು, ಚಿಕ್ಕ ಆಪರೇಷನ್ ಎಂಬ ಧೈರ್ಯ ಸಾಲದು.

ಹೋಗುವಾಗ ಡಿಸ್ಚಾರ್ಜ್ ಸಮ್ಮರಿ, ಆಪರೇಷನ್ ಟಿಪ್ಪಣಿ, ಹಳೆಯ ಸ್ಕ್ಯಾನಿಂಗ್ ವರದಿಗಳನ್ನು ಒಯ್ಯಿರಿ. ಕಾಗದಗಳು ಇಲ್ಲದಿದ್ದರೆ ಬರಹದಲ್ಲಿ ಕೇಳಿ. ನಮ್ಮ ದೇಶದಲ್ಲಿ 2002ರ ವೈದ್ಯಕೀಯ ನೀತಿ ನಿಯಮಗಳ ಪ್ರಕಾರ ಒಳರೋಗಿಯ ದಾಖಲೆಗಳನ್ನು ಮೂರು ವರ್ಷ ಇಟ್ಟಿರಬೇಕು, ರೋಗಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಕೊಲ್ಲಿಯಲ್ಲಿ ಮಾಡಿಸಿಕೊಂಡವರು ಊರಿಗೆ ಹೊರಡುವ ಮೊದಲೇ ಇವನ್ನೆಲ್ಲ ಪಡೆದುಕೊಂಡು ಬರುವುದು ಒಳ್ಳೆಯದು.

ಹೊಸ ಸರ್ಜನ್‌ಗೆ ಈ ಪ್ರಶ್ನೆಗಳನ್ನು ಕೇಳಿ:

1. ನನ್ನ ತೊಂದರೆಗೆ ಕಾರಣ ಚರ್ಮವೋ, ಕೊಬ್ಬೋ, ಸ್ನಾಯುವೋ, ಹರ್ನಿಯಾವೋ? ಅದನ್ನು ಹೇಗೆ ಖಚಿತಪಡಿಸಿಕೊಂಡಿರಿ?
2. ಏನೂ ಮಾಡದೆ ಬಿಟ್ಟರೆ ಏನಾಗುತ್ತದೆ?
3. ಎಷ್ಟರ ಮಟ್ಟಿಗೆ ಸರಿಯಾಗಬಹುದು? ಏನು ಹಾಗೇ ಉಳಿಯುತ್ತದೆ?
4. ಅರಿವಳಿಕೆ ಯಾವುದು? ಅರಿವಳಿಕೆ ತಜ್ಞರು ಇರುತ್ತಾರೆಯೇ? ತುರ್ತು ಬಂದರೆ ಐಸಿಯು ಎಲ್ಲಿದೆ?
5. ಸರ್ಜನ್, ಥಿಯೇಟರ್, ಅರಿವಳಿಕೆ, ಬೆಲ್ಟ್, ಮದ್ದು ಎಲ್ಲ ಸೇರಿ ಒಟ್ಟು ಖರ್ಚೆಷ್ಟು? ಮತ್ತೆ ತೊಂದರೆಯಾದರೆ ಯಾರು ಭರಿಸಬೇಕು?
6. ನನ್ನ ಫೋಟೊಗಳನ್ನು ಯಾರು ತೆಗೆಯುತ್ತಾರೆ, ಎಲ್ಲಿ ಇಡುತ್ತಾರೆ?

ಕೊನೆಯ ಪ್ರಶ್ನೆ ನಮ್ಮ ಸಹೋದರಿಯರಿಗೆ ಬಹಳ ಮುಖ್ಯ. ಚಿಕಿತ್ಸೆಗೆ ಫೋಟೊ ಬೇಕಾಗುತ್ತದೆ, ಆದರೆ ಜಾಹೀರಾತಿಗೆ ಬಳಸಲು ನೀವು ಸಹಿ ಹಾಕಬೇಕಾಗಿಲ್ಲ. ಸಹಿ ಹಾಕುವ ಕಾಗದವನ್ನು ಓದಿ. ಪರೀಕ್ಷೆಯ ವೇಳೆ ನರ್ಸ್ ಅಥವಾ ನಿಮ್ಮ ಕಡೆಯ ಹೆಂಗಸು ಜೊತೆಗಿರಲಿ ಎಂದು ಕೇಳುವುದು ನಿಮ್ಮ ಹಕ್ಕು. ಮಹಿಳಾ ಸರ್ಜನ್ ಇದ್ದಾರೆಯೇ ಎಂದೂ ವಿಚಾರಿಸಬಹುದು.

ಎರಡನೇ ಬಾರಿಗೆ ಸಿದ್ಧತೆ

ಒಮ್ಮೆ ಕತ್ತರಿಸಿದ ಹೊಟ್ಟೆಯಲ್ಲಿ ರಕ್ತನಾಳಗಳ ದಾರಿ ಬದಲಾಗಿರುತ್ತದೆ, ಒಳಗೆ ಕಲೆಯ ಅಂಟು ಇರುತ್ತದೆ. ಹಾಗಾಗಿ ದೊಡ್ಡ ತಿದ್ದುಪಡಿಗೆ ಮೊದಲ ಸಲಕ್ಕಿಂತ ಹೆಚ್ಚಿನ ಎಚ್ಚರ ಬೇಕು. ಸಕ್ಕರೆ ಕಾಯಿಲೆಯಿದ್ದರೆ ಎಚ್‌ಬಿಎ1ಸಿ ಹತೋಟಿಗೆ ಬರಲಿ. ರಕ್ತಹೀನತೆ ಮೊದಲು ಸರಿಯಾಗಲಿ. ತೂಕ ಆರು ತಿಂಗಳಾದರೂ ಏರಿಳಿಯದೆ ನಿಂತಿರಲಿ. ಬೀಡಿ, ಸಿಗರೇಟು, ಹುಕ್ಕಾ ಸೇದುವವರು ಮೊದಲು ನಾಲ್ಕು ವಾರ, ನಂತರ ನಾಲ್ಕು ವಾರವಾದರೂ ಪೂರ್ತಿ ಬಿಡಬೇಕು. ನಿಕೋಟಿನ್ ರಕ್ತನಾಳ ಕುಗ್ಗಿಸಿ ಚರ್ಮ ಸಾಯುವಂತೆ ಮಾಡುತ್ತದೆ. ತಂಬಾಕು ಹಾಕಿದ ವೀಳ್ಯವೂ ಇದರಲ್ಲೇ ಸೇರಿತು. ಇನ್ನೊಂದು ಮಗು ಬೇಕೆಂಬ ಆಸೆಯಿದ್ದರೆ ಅಂದಕ್ಕಾಗಿ ಮಾಡುವ ತಿದ್ದುಪಡಿಯನ್ನು ಮುಂದೂಡಿ. ಗರ್ಭ ಧರಿಸಲು ಅಡ್ಡಿಯಿಲ್ಲ, ಆದರೆ ಮಾಡಿದ ಕೆಲಸ ಮತ್ತೆ ಸಡಿಲಾಗುತ್ತದೆ.

ಆಪರೇಷನ್ ನಂತರ ಭಾರ ಎತ್ತದೆ ಇರಲು ನಾಲ್ಕರಿಂದ ಆರು ವಾರ ಬೇಕು. ಚಿಕ್ಕ ಮಗುವನ್ನು ಎತ್ತಿಕೊಳ್ಳುವವರು ಯಾರು, ನೀರಿನ ಕೊಡ ಹೊರುವವರು ಯಾರು ಎಂದು ಮೊದಲೇ ಮನೆಯಲ್ಲಿ ಮಾತಾಡಿಕೊಳ್ಳಿ. ಗುಟ್ಟಾಗಿ ಮಾಡಿಸಿಕೊಂಡು ಮೂರನೇ ದಿನವೇ ಅಡುಗೆಮನೆಗೆ ನಿಂತವರ ಹೊಲಿಗೆ ಬಿಚ್ಚಿದ್ದುಂಟು. ಹಾಗೆಂದು ಮಲಗಿಯೇ ಇರಬಾರದು. ಸರ್ಜನ್ ಹೇಳಿದಂತೆ ಮೊದಲ ದಿನದಿಂದಲೇ ಸ್ವಲ್ಪ ಸ್ವಲ್ಪ ನಡೆದಾಡುವುದರಿಂದ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವುದು ತಪ್ಪುತ್ತದೆ.

ನಮಾಝ್ ಬಗ್ಗೆಯೂ ಹಲವರು ಕೇಳುತ್ತಾರೆ. ರುಕೂ, ಸುಜೂದ್‌ಗೆ ಬಾಗಿದರೆ ಮೊದಲ ವಾರಗಳಲ್ಲಿ ಹೊಲಿಗೆಯ ಮೇಲೆ ಸೆಳೆತ ಬೀಳುತ್ತದೆ. ನಿಲ್ಲಲಾಗದ, ಬಾಗಲಾಗದ ರೋಗಿಗೆ ಕುಳಿತು ಸನ್ನೆಯಿಂದ ನಿರ್ವಹಿಸುವ ರಿಯಾಯಿತಿ ಇದೆ. ಬ್ಯಾಂಡೇಜ್ ಒದ್ದೆಯಾಗಬಾರದ ದಿನಗಳಲ್ಲಿ ಗುಸ್ಲ್ ಹೇಗೆ ಎಂದು ಉಲಮಾಗಳಲ್ಲಿ ಕೇಳಿ ತಿಳಿಯಿರಿ. ಅಂದಕ್ಕಾಗಿ ಮಾಡುವ ಆಪರೇಷನ್‌ನ ವಿಧಿಯನ್ನೂ ಅವರಲ್ಲೇ ಕೇಳಬೇಕು, ಅದು ನನ್ನ ಕ್ಷೇತ್ರವಲ್ಲ. ಕೇಳುವಾಗ ಹರ್ನಿಯಾ, ನೋವು, ಮಡಿಕೆಯಲ್ಲಿ ಹುಣ್ಣು ಇಂಥ ವೈದ್ಯಕೀಯ ಕಾರಣಗಳಿದ್ದರೆ ಅವನ್ನು ಮುಚ್ಚಿಡದೆ ಹೇಳಿ. ಉತ್ತರ ಬೇರೆಯಾಗಬಹುದು.

ಹಣ ಮತ್ತು ದೂರು

ಅಂದಕ್ಕಾಗಿ ಮಾಡುವ ಆಪರೇಷನ್‌ಗೆ ಆರೋಗ್ಯ ವಿಮೆ ಸಾಮಾನ್ಯವಾಗಿ ಹಣ ಕೊಡುವುದಿಲ್ಲ. ಹರ್ನಿಯಾ ಆಪರೇಷನ್ ಬೇರೆ. ಕಾಯುವ ಅವಧಿ ಮುಗಿದಿದ್ದರೆ ಅದಕ್ಕೆ ಸಿಗುವ ಸಾಧ್ಯತೆಯಿದೆ, ನಿಮ್ಮ ಪಾಲಿಸಿ ನೋಡಿಕೊಳ್ಳಿ.

ಫಲಿತಾಂಶ ಇಷ್ಟವಾಗಲಿಲ್ಲ ಎಂಬುದೊಂದೇ ವೈದ್ಯರ ನಿರ್ಲಕ್ಷ್ಯವಾಗುವುದಿಲ್ಲ. ಅಪಾಯಗಳನ್ನು ತಿಳಿಸದೆ ಸಹಿ ಹಾಕಿಸಿಕೊಂಡಿದ್ದರೆ, ಅರ್ಹತೆಯಿಲ್ಲದವರು ಮಾಡಿದ್ದರೆ, ತೊಂದರೆ ಹೇಳಿದರೂ ನೋಡದೆ ಬಿಟ್ಟಿದ್ದರೆ ಮಾತು ಬೇರೆ. ಇಲ್ಲಿ ಮಾಡಿಸಿಕೊಂಡದ್ದಾದರೆ ವೈದ್ಯಕೀಯ ಪರಿಷತ್ತಿಗೆ ದೂರು ಕೊಡಬಹುದು. ಹಣ ಪಡೆದು ನೀಡುವ ವೈದ್ಯಕೀಯ ಸೇವೆ ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ಹೋಗಬೇಕು.

ಕನ್ನಡಿಯ ಮುಂದೆ

ಒಂದು ಸೂಕ್ಷ್ಮ ಮಾತು. ಕೆಲವರ ಹೊಟ್ಟೆಯಲ್ಲಿ ಹೇಳಿಕೊಳ್ಳುವಂಥ ದೋಷ ಇರುವುದಿಲ್ಲ, ಆದರೂ ದಿನಕ್ಕೆ ಹತ್ತು ಸಲ ಕನ್ನಡಿ ನೋಡುತ್ತಾರೆ, ಮದುವೆ ಮನೆಗಳಿಗೆ ಹೋಗುವುದನ್ನು ಬಿಡುತ್ತಾರೆ, ನಿದ್ದೆ ಮಾಡುವುದಿಲ್ಲ. ಇದಕ್ಕೆ ಕತ್ತರಿ ಮದ್ದಲ್ಲ. ಎಷ್ಟು ಆಪರೇಷನ್ ಮಾಡಿಸಿದರೂ ಸಮಾಧಾನ ಸಿಗುವುದಿಲ್ಲ. ಮನೋವೈದ್ಯರ ಸಹಾಯ ಪಡೆಯಬೇಕು. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಇನ್ನು ಕೆಲವರಿಗೆ ಬೇಸರ ಹುಟ್ಟುವುದು ಗಂಡನ ಒಂದು ಮಾತಿನಿಂದ. "ಇಷ್ಟು ದುಡ್ಡು ಸುರಿದದ್ದು ಇದಕ್ಕಾ?" ಎಂದು ತಮಾಷೆಗೆ ಹೇಳಿದ್ದೂ ಬಳೆ ಅಡವಿಡುವ ತನಕ ಹೋಗುತ್ತದೆ. ಇದನ್ನು ಓದುತ್ತಿರುವ ಗಂಡಸರು ಗಮನಿಸಬೇಕು. ನಿಮ್ಮ ಮಕ್ಕಳನ್ನು ಹೊತ್ತ ಹೊಟ್ಟೆ ಅದು.

ಆ ಸಹೋದರಿಯ ವಿಷಯಕ್ಕೆ ಬರುತ್ತೇನೆ. ಸೌಂದರ್ಯ ಕ್ಲಿನಿಕ್‌ಗೆ ಹೋಗಲಿಲ್ಲ. ಮುಂಗಡದಲ್ಲಿ ಅರ್ಧ ಮಾತ್ರ ವಾಪಸ್ ಸಿಕ್ಕಿತು. ಗಂಡನಿಗೆ ಫೋನಿನಲ್ಲಿ ಸ್ಕ್ಯಾನಿಂಗ್ ವರದಿ ಓದಿ ಹೇಳಿದ್ದು ಆ ನಾದಿನಿಯೇ. ಒಂದು ತಿಂಗಳ ನಂತರ ಹರ್ನಿಯಾ ಆಪರೇಷನ್ ಆಯಿತು. ಈಚೆಗೆ ಬಂದಿದ್ದಾಗ, ಸೊಂಟದ ಬಳಿಯ ಮುದ್ದೆಗಳನ್ನು ಏನು ಮಾಡುತ್ತೀರಿ ಎಂದು ಕೇಳಿದೆ. "ಇರಲಿ ಡಾಕ್ಟ್ರೇ, ಅದು ಬಟ್ಟೆಯ ಒಳಗೆ ಇರುವಂಥದ್ದು. ಮಗಳ ಪರೀಕ್ಷೆ ಮುಗಿಯಲಿ, ಆಮೇಲೆ ನೋಡುವಾ" ಎಂದರು. ಗಡಿಬಿಡಿಯಿಲ್ಲದ ಆ ಮಾತು ಕೇಳಿ ನನಗೂ ನಿರಾಳವಾಯಿತು. ಆರು ತಿಂಗಳಿಗೊಮ್ಮೆ ಬಂದು ಹೊಟ್ಟೆ ತೋರಿಸಿ ಹೋಗಿ ಎಂದು ಹೇಳಿ ಕಳುಹಿಸಿದೆ.